ಬಂದ ಉದ್ದೇಶ

ಗಂಗಾವತಿಯಲ್ಲಿ ಬಸ್ಸಿಳಿದಾಗ ಏಳೂವರೆ.
ಆನೆಗುಂದಿ, ಹರಿಗೋಲು, ಎಲ್ಲ ನಾಳೆ.
ಈ ಹೊತ್ತಿಗೆ ಬೇಕಾದದ್ದು
ಐದು ಬೆನ್ನು ಊರಲು ಒಂದು ಕೋಣೆ.
ತಲೆಗೆ ಐನೂರರಂತೆ ಎರಡೂವರೆ ಸಾವಿರ ನನ್ನ ಸಂಚಿಯಲ್ಲಿ.
ಕೋಣೆಗೆ ಎಂಟುನೂರು, ಮೇಲೆ ಒಂದು ರೂಪಾಯಿ ಇಲ್ಲ
ಎಂದು ಬಸ್ಸಿನಲ್ಲೇ ಠರಾವಾಗಿದೆ.
ಸೊಸೈಟಿಯ ಲೆಕ್ಕ ಬರೆಯುವವಳೆಂದು
ಸಂಚಿ ನನ್ನ ಕೊರಳಿಗೆ.

ಮೊದಲ ಲಾಡ್ಜಿನ ಮೆಟ್ಟಿಲಿಗೆ ಹಾಸಿದ ಕೆಂಪು ಜಮಖಾನ ನೋಡಿಯೇ
ಹುಲಿಗೆಮ್ಮ ಚಪ್ಪಲಿ ತಿರುಗಿಸಿದಳು.
'ಇದು ನಮಗ ನಿಲುಕೂದಲ್ಲ.'
'ಕೇಳಾಕ ರೊಕ್ಕ ಹತ್ತತೈತೇನು?' ಎಂದು
ಕೇಳಿಬಂದವಳು ದ್ಯಾಮವ್ವ. ಎರಡು ಸಾವಿರದ ನಾಲ್ಕುನೂರು.
ನೀರಿನ ಬಾಟ್ಲಿ ಪುಕ್ಕಟೆಯಂತೆ.
ಎರಡನೆಯದರಲ್ಲಿ ಹುಡುಗ ಮೊಬೈಲಿನಿಂದ ಕಣ್ಣೆತ್ತದೆ
'ಜೊತಿಗೆ ಗಂಡಸರು ಯಾರದಾರ್ರೀ?' ಅಂದ.
ಯಾರಿಲ್ಲ.
'ಹಂಗಿದ್ರ ಕೊಡಾಕ ಬರಂಗಿಲ್ರೀ, ಮಾಲಕರು ಹೇಳ್ಯಾರ.'
ಮೂವತ್ತು ವರ್ಷ ಅಂಗನವಾಡಿ ನಡೆಸಿದ ನೀಲವ್ವ
ಅವನ ಮುಖವನ್ನೇ ನೋಡುತ್ತ ನಿಂತಳು,
ಇವನ ಮೂಗನ್ನೂ ಎಂದೋ ಒರೆಸಿದ್ದೆನೇನೋ ಎಂಬಂತೆ.
ಮೂರನೆಯದರ ಬಾಗಿಲು ತೆರೆದ ಕೂಡಲೆ
ಹಿಂದಿನವರ ಬೀಡಿ, ಹಿಂದಿನವರ ತಲೆಎಣ್ಣೆ.
ಚಿಲಕ ಮಾತ್ರ ಇಲ್ಲ.

ಮಿಲ್ಲುಗಳ ಕಡೆಯಿಂದ ಗಾಳಿ ಬಂತು.
ಕುದಿಸಿದ ಭತ್ತದ ವಾಸನೆ ಊರಿಡೀ,
ಹಸಿವನ್ನು ಕೆದಕಿ ಎಬ್ಬಿಸುವಂಥದ್ದು.
'ಸ್ಟ್ಯಾಂಡಿನಾಗ ಒರಗಿದ್ರಾತು' ಅಂದಳು ಹುಲಿಗೆಮ್ಮ,
ಬ್ಯಾಗಿನ ಭುಜ ಬದಲಿಸುತ್ತ.
'ನಾ ಒರಗಾಕ ಬಂದಿಲ್ಲ, ಮಲಗಾಕ ಬಂದೀನಿ' ಅಂದಳು ರಾಜಮಾ.

ನಾಲ್ಕನೆಯದು ಪಂಪುಸೆಟ್ಟಿನ ಅಂಗಡಿಯ ಮೇಲೆ.
ಬೋರ್ಡಿನ ಎರಡಕ್ಷರಕ್ಕೆ ದೀಪವಿಲ್ಲ.
ಮುದುಕ ಮ್ಯಾನೇಜರ, ಕಿವಿಯಲ್ಲಿ ಹತ್ತಿ.
ಡಬಲ್ ರೂಮು ಒಂಬೈನೂರು, ಇಬ್ಬರಿಗಷ್ಟೆ.
ಮೇಲಿನವರಿಗೆ ತಲಾ ನೂರು, ಗಾದಿ ಬೇರೆ.
ರಾಜಮಾ ಕೌಂಟರಿಗೆ ಮೊಣಕೈ ಊರಿದಳು:
'ಯಜಮಾನ್ರ, ಕುಷ್ಟಗಿ ಹಾಸ್ಟೆಲ್ಲಿನಾಗ
ಎರಡು ಮಂಚಕ್ಕ ಐದು ಮಂದಿ, ಮೂರು ವರ್ಷ ಮಲಗೀವಿ.
ನಮಗ ರೂಢಿ ಐತಿ.'
'ಆವಾಗ ತೆಳ್ಳಗಿದ್ರಿ ತಾಯಿ.'
ಮೊದಲು ನಕ್ಕವಳು ದ್ಯಾಮವ್ವ; ಆಮೇಲೆ ಅವನೇ.
ಎಂಟುನೂರ ಇಪ್ಪತ್ತಕ್ಕೆ ನಿಂತಿತು, ಗಾದಿ ಸಹಿತ.
ಆ ಇಪ್ಪತ್ತು ಠರಾವಿಗೆ ವಿರುದ್ಧ.
ನನ್ನ ಹಿಂದಿನಿಂದ ಯಾರೋ ನೋಟು ಚಾಚಿದರು;
ಯಾರ ಕೈ, ನೋಡಲಿಲ್ಲ.

ಆಮೇಲೆ ರಿಜಿಸ್ಟರು.
ಹೆಸರು, ಊರು, ಆಧಾರ್ ನಂಬರು,
ಎಲ್ಲಿಂದ, ಎಲ್ಲಿಗೆ, ಸರಸರ ಬರೆದೆ.
'ಬಂದ ಉದ್ದೇಶ' ಎಂಬ ಖಾನೆಗೆ ಬಂದು ಪೆನ್ನು ತಡೆಯಿತು.
ಮೇಲಿನ ಸಾಲುಗಳಲ್ಲಿ
ಬೀಜದ ವ್ಯಾಪಾರ. ಕೋರ್ಟು. ಕನ್ಯೆ ನೋಡಲು.
ಮಿಶನ್ ರಿಪೇರಿ. ಕೋರ್ಟು.
ನಾವು ಇದುವರೆಗೆ ಮನೆ ಬಿಟ್ಟದ್ದೆಲ್ಲ ಬಾಣಂತನಕ್ಕೆ,
ದವಾಖಾನೆಗೆ, ಯಾರದೋ ಮಣ್ಣಿಗೆ, ಎಲೆಕ್ಷನ್ ಡ್ಯೂಟಿಗೆ.
'ದೇವರಿಗೆ ಅಂತ ಬರಿ, ಯಾರೂ ಕೇಳಂಗಿಲ್ಲ' ಅಂದಳು ನೀಲವ್ವ.
'ಯಾರ ದೇವರಿಗೆ?' ಅಂದಳು ರಾಜಮಾ, ಬರೇ ಕುಶಾಲಿಗೆ.
ಮುದುಕ ಕಿವಿಯ ಹತ್ತಿ ತೆಗೆದು ಕಾಯುತ್ತಿದ್ದ.

ಬರೆದೆ: ಸುಮ್ಮನೆ.

ಅವನು ಕನ್ನಡಕ ಏರಿಸಿ ಓದಿದ.
ಕೋರ್ಟಿಗೂ ಕನ್ಯೆಗೂ ಹಾಕಿದಂತೆಯೇ
ಇದರ ಪಕ್ಕಕ್ಕೂ ಒಂದು ಕೆಂಪು ಟಿಕ್ಕು ಹಾಕಿ
ಕೀಲಿ ಕೊಟ್ಟ. 'ಬಿಸಿನೀರು ಆರರಿಂದ ಏಳು, ನೆನಪಿರಲಿ.'

ಫ್ಯಾನಿಗೆ ಒಂದೇ ವೇಗ ಗೊತ್ತು.
ಮಂಚಗಳನ್ನು ಜೋಡಿಸಿದರೆ ನಡುವೆ ಸಂದು;
ಸಂದಿನ ಜಾಗ ಈಗಲೂ ನನ್ನದೇ.
ಎಲ್ಲರಿಗಿಂತ ಮೊದಲು ಹುಲಿಗೆಮ್ಮನ ಗೊರಕೆ.
ಕತ್ತಲಲ್ಲಿ ಬೆರಳು ಮಡಚಿ ಲೆಕ್ಕ ಹಾಕಿದೆ:
ಇಪ್ಪತ್ತು ರೂಪಾಯಿ ಜಮೆ, ಹೆಸರಿಲ್ಲ.
ಸೊಸೈಟಿಯಲ್ಲಾದರೆ ಆಡಿಟರು ಬಿಡುತ್ತಿರಲಿಲ್ಲ.
'ಯಾರು ಕೊಟ್ರವಾ ಆ ಇಪ್ಪತ್ತು?' ಅಂದೆ.
ಮೂವರು ಎಚ್ಚರವಿದ್ದರು.
ಮೂವರೂ ನಿದ್ದೆ ಹತ್ತಿದವರಂತೆ ಉಸಿರಾಡಿದರು.